ಗಟ್ಟಿಯಾಗದ ಕರಬೂಜದ ಮೂಸ್

ಕುರಾಮೊಚಿಯವರು ಹುಟ್ಟಿದ ಲಾಗಾಯ್ತು ಮೂಸ್ ತಿಂದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಡೆದ ಅನಾಹುತಕ್ಕೆಲ್ಲ ಆ ಮನುಷ್ಯನ ದುಷ್ಟತನವೇ ಕಾರಣವೆಂದು ಓದುವವರು ತಿಳಿದಾರು. ದುಷ್ಟತನ ಅವರಲ್ಲಿ ಎಳ್ಳಷ್ಟೂ ಇರಲಿಲ್ಲ. ಇದ್ದದ್ದು ಸ್ವಲ್ಪ ಜಂಬ. ಕಾಕೆಗಾವಾ ಊರಿನ ಚಹಾ ಗೋದಾಮಿನಲ್ಲಿ ಮುಖ್ಯಸ್ಥರಾಗಿ ನಿವೃತ್ತರಾದವರಿಗೆ ಅಷ್ಟೂ ಇರದಿದ್ದರೆ ಹೇಗೆ?

ನಿವೃತ್ತಿಯಾದ ಮೇಲೆ ಅವರು ಮನೆಯಲ್ಲಿ ಕುಳಿತರು. ಕುಳಿತರು ಅಂದರೆ ನಿಜವಾಗಿಯೂ ಕುಳಿತೇಬಿಟ್ಟರು. ಕುಳಿತಲ್ಲಿಂದಲೇ "ಏ ಇವಳೇ, ಚಹಾ" ಅನ್ನುವುದು, "ಏ ಇವಳೇ, ಊಟ" ಅನ್ನುವುದು, ಸ್ನಾನಕ್ಕೆ ನೀರು ಕಾದಿದೆಯೇ ಎಂದು ಕೇಳುವುದು, ಇಷ್ಟೇ ಅವರ ಮಾತು. ಹೆಂಡತಿ ಕಿನುಕೊ ಒಂದಷ್ಟು ಕಾಲ ಸಹಿಸಿದಳು. ಬೇಸಿಗೆಯ ಒಂದು ಬೆಳಿಗ್ಗೆ ಏಪ್ರನ್ ಬಿಚ್ಚಿ ಮಡಿಸಿಟ್ಟು, ಕಡಲಂಚಿನ ಒಮಾಎಜಾಕಿಯಲ್ಲಿ ಒಬ್ಬಳೇ ಇರುವ ಅಕ್ಕನ ಮನೆಗೆ ಹೋಗುತ್ತೇನೆಂದಳು. ಯಾವಾಗ ಬರುತ್ತೀಯ ಎಂದು ಇವರು ಕೇಳಿದರು.

"ನಿಮಗೆ ಬೇಕಾಗಿರೋದು ನಾನೋ, ಊಟವೋ? ಅದು ಗೊತ್ತಾದ್ಮೇಲೆ ಫೋನ್ ಮಾಡಿ," ಎಂದು ಹೇಳಿ ಹೊರಟೇಹೋದಳು.

ಇದಕ್ಕೆ ಉತ್ತರ ಕುರಾಮೊಚಿಯವರಿಗೆ ಆ ರಾತ್ರಿಯೇ ಗೊತ್ತಾಗಿತ್ತು. ಆದರೆ ಫೋನ್ ಎತ್ತಿ, ಬಾಯಿಬಿಟ್ಟು, "ನೀನು ಬೇಕು" ಎಂದು ಹೇಳುವುದು ಹೇಗೆ? ಗೋದಾಮಿನಲ್ಲಿ ಅಷ್ಟು ವರ್ಷ ಅವರು "ಮೂಟೆ ಬೇಕು, ಲಾರಿ ಬೇಕು" ಎಂದಿದ್ದುಂಟು. ಮನುಷ್ಯರು ಬೇಕೆಂದು ಯಾರಿಗೂ ಹೇಳಿ ಅಭ್ಯಾಸವಿರಲಿಲ್ಲ. ಫೋನಿನ ಮುಂದೆ ಕುಳಿತು ಗಂಟಲು ಸರಿಮಾಡಿಕೊಂಡು, ಮತ್ತೆ ಎದ್ದುಹೋಗುತ್ತಿದ್ದರು.

ನಮ್ಮ ಓಣಿಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಕಿನುಕೊ ಕಾಣುತ್ತಿಲ್ಲವೆಂದು ಎಲ್ಲರಿಗೂ ತಿಳಿಯಿತು. ಆದರೆ ತಿಳಿದಿದೆಯೆಂದು ಯಾರೂ ತೋರಿಸಿಕೊಳ್ಳಲಿಲ್ಲ. ಬದಲಿಗೆ, ಹೆಚ್ಚಾಯಿತು ಎಂಬ ನೆಪ ಹೇಳಿ ಪಕ್ಕದ ಮನೆಯ ಒಗುಶಿ ಅಮ್ಮ ಬೇಯಿಸಿದ ಸಿಹಿಗುಂಬಳ ತಂದಿಟ್ಟಳು. ಎದುರುಮನೆಯ ಮಿಜೊಗುಚಿ, ಅವನು ನಮ್ಮ ಓಣಿ ಸಂಘದ ಅಧ್ಯಕ್ಷ, ತನ್ನ ಮನೆಯಿಂದ ಕರಿದ ಮೀನು ಕಳಿಸಿದ. ಡಬ್ಬಿಗಳು ಅಡುಗೆಮನೆಯಲ್ಲಿ ಖಾಲಿಯಾಗಿ, ತೊಳೆಸಿಕೊಂಡು, ಬೋರಲು ಬಿದ್ದಿದ್ದವು. ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅದಕ್ಕೆ ಏನಾದರೂ ತುಂಬಿಯೇ ಕೊಡಬೇಕು. ಅದೆಲ್ಲ ಕಿನುಕೊಳ ಇಲಾಖೆ. ಇವರು ಡಬ್ಬಿಗಳನ್ನು ನೋಡುತ್ತ ಇಕ್ಕಟ್ಟಿಗೆ ಸಿಕ್ಕಿಕೊಂಡಿದ್ದರು.

ಅಂಥ ಹೊತ್ತಿನಲ್ಲೇ ಗೋದಾಮಿನ ಹಳೆಯ ಸಹಾಯಕನೊಬ್ಬನಿಂದ, ಬೇಸಿಗೆಗೊಮ್ಮೆ ದೊಡ್ಡವರಿಗೆ ಕಳಿಸುವ ಪದ್ಧತಿಯಂತೆ, ಉಡುಗೊರೆ ಬಂತು. ಮರದ ಪೆಟ್ಟಿಗೆಯಲ್ಲಿ ಹತ್ತಿಯ ಹಾಸಿಗೆಯ ಮೇಲೆ ಮಹಾರಾಜನಂತೆ ಮಲಗಿದ್ದ ಒಂದು ಕರಬೂಜ. ಪೆಟ್ಟಿಗೆಯನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಾಗ ಒಗುಶಿ ಅಮ್ಮ ಎದುರಾದಳು. ಅದೂ ಇದೂ ಮಾತಾಡಿ ಕೊನೆಗೆ ಕಿನುಕೊ ಆರೋಗ್ಯವಾಗಿದ್ದಾಳಷ್ಟೆ ಎಂದು ಕೇಳಿದಳು. ಒಳಗೆ ಟೀವಿಯಲ್ಲಿ ಅಡುಗೆ ಕಾರ್ಯಕ್ರಮ ನಡೆಯುತ್ತಿತ್ತು. ಕುರಾಮೊಚಿಯವರ ಬಾಯಿಗೆ ಬಂದದ್ದು ಬಂದೇಬಿಟ್ಟಿತು.

"ವಿಶ್ರಾಂತಿ ತಗೋ ಅಂತ ನಾನೇ ಕಳಿಸಿದೀನಿ. ಈಗ ಅಡುಗೆಮನೆ ಪೂರ್ತಿ ನಂದೇ. ಇವತ್ತು ಕರಬೂಜದ ಮೂಸ್ ಮಾಡ್ತಾ ಇದೀನಿ. ನಿಮಗೂ ಕೊಡ್ತೀನಿ."

ಹೇಳಿ ನಾಲಿಗೆ ಕಚ್ಚಿಕೊಂಡರು. ಆದರೆ ಒಗುಶಿ ಅಮ್ಮ ಆಗಲೇ ಮೂರು ಸಲ ಬಾಗಿ ನಮಸ್ಕರಿಸಿ, ಕಾದಿರುತ್ತೇನೆಂದು ಹೇಳಿ ಹೋಗಿಯಾಗಿತ್ತು.

ಮೂಸ್ ಎಂದರೆ ಹಣ್ಣಿನ ತಿರುಳಿಗೆ ನೊರೆ ಬರುವಂತೆ ಕಡೆದ ಕ್ರೀಮ್ ಬೆರೆಸಿ, ಜೆಲಟಿನ್ ಪುಡಿ ಕರಗಿಸಿ ಹಾಕಿ, ಫ್ರಿಜ್ಜಿನಲ್ಲಿಟ್ಟು ಮೃದುವಾಗಿ ಗಟ್ಟಿ ಮಾಡುವ ಸಿಹಿ ಎಂದು ಟೀವಿಯವಳು ಹೇಳಿದಳು. ಟೀವಿಯವಳು ಸ್ಟ್ರಾಬೆರಿಯಲ್ಲಿ ಮಾಡಿದಳು. ಹಣ್ಣು ಹಣ್ಣೇ ತಾನೆ ಎಂದು ಇವರು ಹಸಿರು ತಿರುಳಿನ ಆ ಕರಬೂಜ ಕೊಯ್ದರು. ಕ್ರೀಮ್ ಕಡೆಯಲು ಏನೂ ಸಿಗದೆ, ಮಚ್ಚಾ ಎಂಬ ಹಸಿರು ಪುಡಿಯ ಚಹಾ ಕಡೆಯುವ ಬಿದಿರಿನ ಪುಟ್ಟ ಕಡೆಗೋಲು ಹಿಡಿದರು. ಅದು ತಾತನ ಕಾಲದ್ದು. ಚಹಾ ಗೋದಾಮಿನ ಮನುಷ್ಯ, ಚಹಾ ಕಡೆಯುವುದರಲ್ಲಿ ಕೈ ಪಳಗಿತ್ತು. ಕಡೆದೂ ಕಡೆದೂ ತೋಳು ಸೋತುಹೋಯಿತು, ಕಡೆಗೋಲಿನ ಕಡ್ಡಿಗಳು ಒಂದೊಂದಾಗಿ ಕ್ರೀಮಿನೊಳಗೆ ಉದುರಿದವು, ಆದರೂ ನೊರೆ ಬಂತು. ಎಲ್ಲ ಬೆರೆಸಿ, ಕಡ್ಡಿಗಳನ್ನು ಆರಿಸಿ ತೆಗೆದು, ನೆರೆಯವರ ಡಬ್ಬಿಗಳಿಗೆ ಸುರಿದರು. ಆಗ ಅದು ಗಂಜಿಯಂತಿತ್ತು. ಫ್ರಿಜ್ಜಿನಲ್ಲಿಟ್ಟು ಸಂಜೆ ತಿನ್ನಿ, ಅಷ್ಟರಲ್ಲಿ ಗಟ್ಟಿಯಾಗುತ್ತದೆ ಎಂದು ಗಂಭೀರವಾಗಿ ಹೇಳಿ ಮನೆಮನೆಗೂ ಹಂಚಿ ಬಂದರು.

ಸಂಜೆ ತಮ್ಮ ಪಾಲಿನ ಬಟ್ಟಲು ತೆಗೆದು ನೋಡಿದರು. ಕೆಳಗೆ ಹಸಿರು ನೀರು, ಮೇಲೆ ಬಿಳಿ ನೊರೆ. ಚಮಚ ಇಟ್ಟರೆ ಸೀದಾ ತಳ ಮುಟ್ಟಿತು. ಬಾಯಿಗಿಟ್ಟರೆ ಕಹಿ. ಗ್ರಹಚಾರವೇ ಎಂದು ಕುರಾಮೊಚಿಯವರು ತಲೆಯ ಮೇಲೆ ಕೈಹೊತ್ತು ಕುಳಿತರು. ನಾಳೆ ಓಣಿಯಲ್ಲಿ ಮುಖ ತೋರಿಸುವುದು ಹೇಗೆ?

ಮುಖ ತೋರಿಸುವ ತಾಪತ್ರಯವೇ ಬರಲಿಲ್ಲ. ಬೆಳಿಗ್ಗೆ ನೆರೆಯವರೇ ಬಂದರು. ಒಗುಶಿ ಅಮ್ಮ ಬಾಗಿಲಲ್ಲಿ ನಿಂತು, ಅಂಥ ಹಗುರವಾದ ಪದಾರ್ಥ ತನ್ನ ಬಾಯಿಗೆ ಇದುವರೆಗೆ ಬಿದ್ದಿರಲಿಲ್ಲ, ಅಗಿಯುವ ಶ್ರಮವೇ ಇರಲಿಲ್ಲ ಎಂದಳು. ಮಿಜೊಗುಚಿ, ಅದು ತನ್ನಂಥ ಸಾಮಾನ್ಯರ ನಾಲಿಗೆಗೆ ಮೀರಿದ ರುಚಿ ಎಂದ. ಒಗುಶಿ ಅಮ್ಮ ಅದನ್ನು ಬೇಲಿಯ ಬಳ್ಳಿಯ ಬುಡಕ್ಕೆ ಸುರಿದದ್ದನ್ನು ನಾವೆಲ್ಲ ನೋಡಿದ್ದೆವು. ಆದರೆ ನಾವೂ ಅದೇ ಓಣಿಯವರು, ನಮಗೂ ಮರ್ಯಾದೆ ಇದೆ. ಅಷ್ಟೇ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಬ್ಬರ ಕೈಯಲ್ಲೂ ಡಬ್ಬಿ ಇತ್ತು, ಡಬ್ಬಿಯ ತುಂಬ ತಿಂಡಿ ಇತ್ತು.

ಅಂದರೆ ಕುರಾಮೊಚಿಯವರು ಮತ್ತೆ ತುಂಬಿ ಕೊಡಬೇಕು.

ಮತ್ತೆ ಕರಬೂಜ ತಂದರು. ಜೆಲಟಿನ್ ಎರಡು ಪಾಲು ಹಾಕಿದರು. ಗಟ್ಟಿಯಾಗಲಿಲ್ಲ. ಹಂಚಿದರು. ಹೊಗಳಿಕೆ ಬಂತು, ಡಬ್ಬಿ ಬಂತು. ಮುಂದಿನ ಸಲ ಜೆಲಟಿನ್ ಪೊಟ್ಟಣವನ್ನೇ ಬೋರಲು ಹಾಕಿದರು. ಆ ಹಾಳು ಹಣ್ಣಿಗೆ ಅದೆಂಥ ಹಟವೋ, ಒಂದು ರಾತ್ರಿ ಕಳೆದರೂ ನೀರು ನೀರಾಗಿಯೇ ಉಳಿಯಿತು. ಆ ಸಲ ಮಿಜೊಗುಚಿ ಒಂದು ಡಬ್ಬಿಯ ಬದಲು ಎರಡು ತಂದ. ಫ್ರಿಜ್ಜು ಓಣಿಯ ಅಡುಗೆಯಿಂದ ತುಂಬಿತು. ಕುರಾಮೊಚಿಯವರಿಗೆ ಒಂದೊಂದು ಸಲ ಅನುಮಾನ ಬರುತ್ತಿತ್ತು: ಮೂಸ್ ಅಂದರೆ ನಿಜವಾಗಿಯೂ ಕಹಿಯಾದ ನೀರೇ ಇರಬಹುದೇ? ತಿಂದು ಗೊತ್ತಿರುವವರು ಇಷ್ಟು ಜನ ಒಟ್ಟಾಗಿ ಸುಳ್ಳು ಹೇಳುತ್ತಾರೆಯೇ?

ಇಷ್ಟರಲ್ಲಿ ಕಿನುಕೊಳ ಫೋನ್ ಬಂತು. ಇವರು ಓಡಿಹೋಗಿ ಎತ್ತಿಕೊಂಡರು. ಇವತ್ತು ಹೇಳಿಯೇಬಿಡುತ್ತೇನೆಂದು ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಅವಳೇ ಮಾತು ಶುರುಮಾಡಿದಳು. ಒಗುಶಿ ಅಮ್ಮ ಫೋನ್ ಮಾಡಿದ್ದಳಂತೆ. ನಿಮ್ಮ ಯಜಮಾನರ ಕೈರುಚಿಗೆ ಓಣಿಯೇ ಮರುಳಾಗಿದೆ, ಮೈಕೈ ತುಂಬಿಕೊಂಡು ಕಳೆಕಳೆಯಾಗಿದ್ದಾರೆ, ನೀವು ಯಾವ ಯೋಚನೆಯೂ ಇಲ್ಲದೆ ಆರಾಮಾಗಿ ಇದ್ದು ಬನ್ನಿ ಎಂದಳಂತೆ.

"ನಾನಿಲ್ದೆ ಇದ್ರೆ ನೀವು ಏನು ಮಾಡ್ಕೋತೀರೋ ಅಂತ ನಿದ್ದೆ ಬರ್ತಿರ್ಲಿಲ್ಲ ನಂಗೆ," ಎಂದಳು ಕಿನುಕೊ. ಧ್ವನಿ ಯಾಕೋ ತಣ್ಣಗಿತ್ತು. "ಈಗ ನೆಮ್ಮದಿ ಆಯ್ತು. ಅಕ್ಕನೂ ಇಲ್ಲೇ ಇದ್ದುಬಿಡು ಅಂತಿದಾಳೆ."

ಕುರಾಮೊಚಿಯವರು ಏನೋ ಹೇಳಲು ಹೋದರು. "ಓಹೋ, ಹಾಗೋ" ಎಂದಷ್ಟೇ ಹೊರಬಿತ್ತು. ಫೋನ್ ಇಟ್ಟ ಮೇಲೆ ಗೋಡೆಗೆ ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು. ಪಕ್ಕದ ಮನೆಗೆ ಕೇಳಿಸೀತೆಂದು ಬಿಟ್ಟರು.

ಆಗ ಅವರಿಗೆ ದಾರಿ ಹೊಳೆಯಿತು. ಹೊಗಳಿಕೆ ಹೆಂಡತಿಯನ್ನು ದೂರ ಮಾಡುತ್ತಿದೆ. ತೆಗಳಿಕೆ ಬಂದರೆ ಅವಳು ಓಡಿಬರುತ್ತಾಳೆ. ಓಣಿಯ ಜನ ಒಂದೇ ಒಂದು ಸಲ, "ಪಾಪ, ಕುರಾಮೊಚಿಯವರ ಪಾಡು ನೋಡಲಾಗದು" ಎಂದು ಕಿನುಕೊಗೆ ಹೇಳಿದರೆ ಸಾಕು. ಅದಕ್ಕೆ ಮೂಸನ್ನು ಇನ್ನಷ್ಟು ಕೆಡಿಸಬೇಕು. ಕೆಡಿಸುವುದೇನು ಮಹಾ ವಿದ್ಯೆ?

ಮೊದಲು ಸಕ್ಕರೆ ಬಿಟ್ಟರು. ಸಿಹಿ ಕಡಿಮೆಯಿರುವುದು ವಯಸ್ಸಾದವರ ಆರೋಗ್ಯಕ್ಕೆ ಎಷ್ಟು ಒಳ್ಳೆಯದು, ಎಂಥ ಮುಂದಾಲೋಚನೆ ಎಂದು ಒಗುಶಿ ಅಮ್ಮ ಕಣ್ಣಂಚು ಒರೆಸಿಕೊಂಡಳು. ಉಪ್ಪು ಹಾಕಿದರು. ಕಡಲಿನ ನೆನಪಾಯಿತು ಎಂದ ಮಿಜೊಗುಚಿ. ಕೊನೆಗೆ ರೋಸಿಹೋಗಿ ಸೋಯಾ ಸಾಸ್ ಸುರಿದರು. ಹಸಿರು ನೀರಿನಲ್ಲಿ ಕಂದು ಗೆರೆಗಳು ಹಾವಿನಂತೆ ಹರಿದಾಡಿದವು. ಅದನ್ನು ಕೊಟ್ಟು ಬಂದು, ಈ ಸಲವಾದರೂ ಯಾರಾದರೂ ಬಂದು ಉಗಿಯುತ್ತಾರೆಂದು ಬಾಗಿಲು ತೆರೆದಿಟ್ಟು ಕಾದರು. ಮಿಜೊಗುಚಿ ಬಂದ. ಟೈ ಕಟ್ಟಿಕೊಂಡು ಬಂದಿದ್ದ.

"ಸಂಘದಲ್ಲಿ ತೀರ್ಮಾನ ಮಾಡಿದೀವಿ, ಕುರಾಮೊಚಿಯವ್ರೇ," ಎಂದ. "ಸೆಪ್ಟೆಂಬರ್‌ನಲ್ಲಿ ಹಿರಿಯರಿಗೆ ಸನ್ಮಾನ ಮಾಡ್ತೀವಲ್ಲ, ಊಟ ಆದ್ಮೇಲೆ ನಿಮ್ಮ ಮೂಸೇ ಬಡಿಸಬೇಕು ಅಂತ. ದಯವಿಟ್ಟು ಇಲ್ಲ ಅನ್ಬೇಡಿ. ನಿಮ್ಮ ಮನೆಯವ್ರಿಗೂ ಕಾಗದ ಹಾಕಿದೀನಿ, ಅವತ್ತು ಬರ್ತಾರೆ."

ಮಿಜೊಗುಚಿಯ ಲೆಕ್ಕವೇ ಬೇರೆ ಇತ್ತು. ಆ ನೀರನ್ನು ಹಿರಿಯರಿಗೆ ಕುಡಿಸಬೇಕೆಂದು ಅವನಿಗೂ ಆಸೆಯಿರಲಿಲ್ಲ. ಆದರೆ ಅಷ್ಟು ಹೊಗಳಿದ ಮೇಲೆ ಕೇಳದೆ ಬಿಟ್ಟರೆ ಹೊಗಳಿದ್ದು ಸುಳ್ಳೆಂದಾಗುತ್ತದೆ. ಕುರಾಮೊಚಿಯವರೇ ಒಪ್ಪುವುದಿಲ್ಲವೆಂದು ಅವನು ನಂಬಿದ್ದ. ಇವರೋ, ಕಿನುಕೊ ಬರುತ್ತಾಳೆಂಬ ಒಂದು ಮಾತು ಕೇಳಿ, ಉಳಿದದ್ದೇನೂ ಕಿವಿಗೆ ಬೀಳದೆ ಒಪ್ಪಿಬಿಟ್ಟರು. ಅವಳು ಬರುತ್ತಾಳೆ, ತಿನ್ನುತ್ತಾಳೆ, ಒಂದು ಚಮಚ ಬಾಯಿಗಿಟ್ಟರೆ ಸಾಕು, ಗಂಡನ ಗತಿ ಏನಾಗಿದೆಯೆಂದು ತಿಳಿಯುತ್ತದೆ. ಇನ್ನು ಫೋನೂ ಬೇಡ, ಬಾಯಿಬಿಡುವುದೂ ಬೇಡ.

ಸನ್ಮಾನದ ದಿನ ಸಂಘದ ಕೋಣೆಯಲ್ಲಿ ಚಾಪೆಗಳ ಮೇಲೆ ಹಿರಿಯರು ಸಾಲಾಗಿ ಕುಳಿತರು. ಕಿನುಕೊ ಬಂದಳು. ಕಡಲ ಗಾಳಿಗೆ ಸ್ವಲ್ಪ ಕಪ್ಪಾಗಿದ್ದಳು, ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ಗಂಡನಿಗೆ ದೂರದಿಂದಲೇ ತಲೆಬಾಗಿಸಿ, ಹೆಂಗಸರ ಸಾಲಿನಲ್ಲಿ ಕುಳಿತಳು. ನೆಂಟರ ಮನೆಗೆ ಬಂದವಳಂತೆ ಮಂಡಿಯೂರಿ ಕುಳಿತ ಆ ರೀತಿಯನ್ನು ಕುರಾಮೊಚಿಯವರು ಮತ್ತೆ ಮತ್ತೆ ಕತ್ತೆತ್ತಿ ನೋಡಿದರು.

ಗಾಜಿನ ಬಟ್ಟಲುಗಳಲ್ಲಿ ಸೋಯಾ ಸಾಸ್ ಸಮೇತ ಮೂಸ್ ಬಂತು. ತರುವವರ ಕೈಯಲ್ಲಿ ಅದು ತುಳುಕುತ್ತಿತ್ತು. ಎಲ್ಲರೂ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಯುದ್ಧಕ್ಕೆ ಹೊರಟವರಂತೆ ಒಬ್ಬರನ್ನೊಬ್ಬರು ನೋಡಿಕೊಂಡರು. ಮಿಜೊಗುಚಿಯ ತಾಯಿ ತೊಮೆ ಅಜ್ಜಿಗೆ ಕಿವಿ ಅಷ್ಟಾಗಿ ಕೇಳುವುದಿಲ್ಲ, ಓಣಿಯ ಸಂಚೂ ಗೊತ್ತಿಲ್ಲ. ಅವಳು ಒಂದು ಗುಟುಕು ಕುಡಿದು, ಬಟ್ಟಲನ್ನು ಚಾಪೆಯ ಮೇಲಿಟ್ಟು, ಕೋಣೆಗೆಲ್ಲ ಕೇಳುವಂತೆ, "ಇದ್ಯಾಕೆ ಬಾಣಲೆ ತೊಳೆದ ನೀರು ಕೊಟ್ರು?" ಎಂದಳು.

ಕುರಾಮೊಚಿಯವರ ಮುಖ ಅರಳಿತು. ಕೊನೆಗೂ ಬಂತು, ದೇವರ ಬಾಯಲ್ಲಿ ಬಂದಂತೆ ಬಂತು. ಆದರೆ ಅಧ್ಯಕ್ಷನು ಮಿಂಚಿನಂತೆ ಎದ್ದು, ಅಮ್ಮನಿಗೆ ಇನ್ನೊಂದು ಬಟ್ಟಲು ಬೇಕಂತೆ, ಅಷ್ಟು ಹಿಡಿಸಿದೆ ಎಂದು ಸಾರಿದ. ಇಡೀ ಕೋಣೆ ಚಪ್ಪಾಳೆ ತಟ್ಟಿತು. ಪಾಪದ ಮುದುಕಿಯ ಮುಂದೆ ಇನ್ನೊಂದು ಬಟ್ಟಲು ಬಂದು ಕುಳಿತಿತು.

ಆಗ ಕುರಾಮೊಚಿಯವರ ತಾಳ್ಮೆಯ ಕಟ್ಟೆ ಒಡೆಯಿತು. ಚಾಪೆಯ ಮೇಲೆ ಹಣೆ ಮುಟ್ಟುವಂತೆ ಬಾಗಿ, ಇದು ಮೂಸ್ ಅಲ್ಲ, ನನಗೆ ಮೂಸ್ ಮಾಡಲು ಬರುವುದಿಲ್ಲ, ಒಂದು ಸಲವೂ ಗಟ್ಟಿಯಾಗಿಲ್ಲ, ನಿಮಗೆಲ್ಲ ಇಷ್ಟು ದಿನ ಕಹಿ ನೀರು ಕುಡಿಸಿದ್ದೇನೆ ಎಂದು ಸತ್ಯವನ್ನೆಲ್ಲ ಒದರಿಬಿಟ್ಟರು.

ಆಮೇಲೆ ಒಗುಶಿ ಅಮ್ಮ ಮೆಲ್ಲಗೆ, "ಎಷ್ಟು ವಿನಯ ನೋಡಿ," ಎಂದಳು. ಹೌದು ಹೌದು, ದೊಡ್ಡ ಕೈಗಳೆಲ್ಲ ಹೀಗೇ, ತಮ್ಮ ಕೆಲಸದಲ್ಲಿ ಅವರಿಗೆ ತೃಪ್ತಿಯೇ ಇರುವುದಿಲ್ಲ ಎಂದು ಇನ್ನೊಬ್ಬರು ದನಿಗೂಡಿಸಿದರು. ಗೋದಾಮಿನ ಮುಖ್ಯಸ್ಥರಾಗಿದ್ದವರು ಇಷ್ಟು ತಗ್ಗಿ ನಡೆಯುವುದು ಇಂದಿನ ಕಾಲದಲ್ಲಿ ಎಲ್ಲಿದೆ ಎಂದು ಮಿಜೊಗುಚಿ ಗದ್ಗದಿತನಾದ. ಇನ್ನೊಂದು ಸುತ್ತು ಚಪ್ಪಾಳೆ. ಕುರಾಮೊಚಿಯವರಿಗೆ ಮೈ ಪರಚಿಕೊಳ್ಳುವಂತಾಯಿತು. ಸತ್ಯ ಹೇಳಿದರೂ ನಂಬದ ಊರಿನಲ್ಲಿ ಮನುಷ್ಯ ಬದುಕುವುದು ಹೇಗೆ?

ಉಳಿದದ್ದು ಒಂದೇ ಆಸೆ. ಹೆಂಡತಿಯ ಕಡೆ ನೋಡಿದರು. ಕಿನುಕೊ ಚಮಚ ಎತ್ತಿ ಬಾಯಿಗಿಟ್ಟಳು. ನುಂಗಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಬಟ್ಟಲು ಕೆಳಗಿಟ್ಟು, ಕರವಸ್ತ್ರದಿಂದ ತುಟಿ ಒತ್ತಿಕೊಂಡು, ಎಲ್ಲರಿಗೂ ಸೇರಿಸಿ ತಲೆಬಾಗಿಸಿದಳು.

"ಬಹಳ ಸೊಗಸಾಗಿದೆ," ಎಂದಳು. "ನಮ್ಮ ಮನೆಯವ್ರನ್ನ ಇಷ್ಟು ಚೆನ್ನಾಗಿ ನೋಡ್ಕೊಂಡಿದೀರಿ. ಇನ್ನು ನಂಗೇನೂ ಚಿಂತೆ ಇಲ್ಲ."

ಅದು ಒಗುಶಿ ಅಮ್ಮನ ಧಾಟಿಯೇ, ಅದೇ ಸ್ವರ, ಅದೇ ನಗು. ನೆರೆಯವರಿಗೆ ಆಡುವ ಮಾತನ್ನು ಅವಳು ಗಂಡನಿಗೆ ಆಡಿದ್ದಳು. ಕುರಾಮೊಚಿಯವರಿಗೆ ಅಲ್ಲಿಗೆ ಎಲ್ಲ ಮುಗಿಯಿತೆನ್ನಿಸಿತು. ಅವಳು ಇನ್ನು ಬರುವುದಿಲ್ಲ. ಅವಳ ಪಾಲಿಗೆ ತಾನೂ ಒಬ್ಬ ಎದುರುಮನೆಯವನು.

ಸಭೆ ಮುಗಿದು ಜನ ಚದುರಿದಾಗ ಕಿನುಕೊ ಕಾಣಲಿಲ್ಲ. ಒಮಾಎಜಾಕಿಯ ಬಸ್ಸಿಗೆ ಹೋದಳೆಂದು ಯಾರೋ ಹೇಳಿದರು. ಕುರಾಮೊಚಿಯವರು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು, ಒಂದು ಕಾಲಿಗೆ ತಮ್ಮದು, ಇನ್ನೊಂದಕ್ಕೆ ಅಧ್ಯಕ್ಷನದು, ನಿಲ್ದಾಣಕ್ಕೆ ಓಡಿದರು. ಅವಳು ಚೀಲ ಹಿಡಿದು ಒಬ್ಬಳೇ ನಿಂತಿದ್ದಳು. ಇವರು ಏದುಸಿರು ಬಿಡುತ್ತ ಅವಳೆದುರು ಹೋಗಿ ನಿಂತರು.

"ನಿಜ ಹೇಳು," ಎಂದರು. "ಹೇಗಿತ್ತು?"

ಕಿನುಕೊ ರಸ್ತೆಯ ಆಚೆ ಈಚೆ ನೋಡಿದಳು. ಓಣಿಯವರು ಯಾರೂ ಇರಲಿಲ್ಲ.

"ಥೂ," ಎಂದಳು. "ಬಾಯಲ್ಲಿ ಇಟ್ಕೊಳ್ಳೋಕೆ ಆಗ್ಲಿಲ್ಲ. ವಿಷದಂಥ ಕಹಿ, ಸಾಲದು ಅಂತ ಸೋಯಾ ಸಾಸ್ ಬೇರೆ. ಏನ್ರೀ ತಲೆ ಕೆಟ್ಟಿತ್ತಾ ನಿಮಗೆ? ಹಸಿ ಕರಬೂಜಕ್ಕೆ ಎಷ್ಟು ಜೆಲಟಿನ್ ಸುರಿದ್ರೂ ಹಿಡಿಯಲ್ಲ, ಕ್ರೀಮ್ ಬೆರೆಸಿದ್ರೆ ಕಹಿಯಾಗತ್ತೆ. ಮೊದ್ಲು ಹಣ್ಣನ್ನ ಒಂದು ಕುದಿ ಬರಿಸ್ಬೇಕು. ಇದು ಓಣಿಲಿ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು."

"ಯಾರೂ ಹೇಳ್ಲಿಲ್ಲ."

"ಅವ್ರು ಯಾಕೆ ಹೇಳ್ತಾರೆ? ಅವ್ರು ಪಕ್ಕದ ಮನೆಯೋರು."

ಕುರಾಮೊಚಿಯವರ ಕಣ್ಣು ತುಂಬಿ ಬಂತು. ಅವಳು ಹೋದ ಮೇಲೆ ಅವರ ಕಿವಿಗೆ ಬಿದ್ದ ಮೊದಲ ಬೈಗುಳ ಅದು. ಮೂಗು ಒರೆಸಿಕೊಂಡು, ಆಡಬೇಕಾದ ಮಾತನ್ನು ಹುಡುಕಿದರು. ಸಿಕ್ಕಿದ್ದು ತೀರ ವಕ್ರವಾಗಿ ಸಿಕ್ಕಿತು.

"ಊಟಕ್ಕೆ ನಂಗೆ ಏನೂ ಕಮ್ಮಿ ಇಲ್ಲ ಕಣೇ," ಎಂದರು. "ಫ್ರಿಜ್ ಬಾಗಿಲು ಹಾಕೋಕಾಗಲ್ಲ, ಅಷ್ಟು ತುಂಬಿದೆ. ಬೈಯೋರೇ ಇಲ್ಲ."

ಕಿನುಕೊ ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಕಾಲಿನ ಹತ್ತಿರ ಅವಳ ಕಣ್ಣು ನಿಂತಿತು. ಇದ್ಯಾರ ಚಪ್ಪಲಿ ಎಂದು ಕೇಳಿದಳು. ಅಲ್ಲಿಂದ ಶುರುವಾಯಿತು. ಮೂವತ್ತು ವರ್ಷದ ಬಾಕಿಯೆಲ್ಲ ಒಟ್ಟಿಗೆ ಬಂತು. ಗೋದಾಮು ಬಂತು, ಕುಳಿತಲ್ಲಿಂದ ಕೂಗಿದ್ದು ಬಂತು, ಅಕ್ಕನ ಮನೆಯಲ್ಲಿ ಫೋನ್ ಪಕ್ಕದಲ್ಲೇ ಹಾಸಿಗೆ ಹಾಸಿ ಮಲಗಿದ್ದೂ ಬಂತು. ಕುರಾಮೊಚಿಯವರು ಕೈಕಟ್ಟಿ, ತಲೆತಗ್ಗಿಸಿ, ಒಂದು ಮಾತೂ ತಪ್ಪಿಹೋಗದಂತೆ ಕೇಳುತ್ತ ನಿಂತರು.

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಡ್ರೈವರ್ ಕಾದ, ಕಾದು ಸಾಕಾಗಿ, ಹತ್ತುತ್ತೀರಾ ಅಮ್ಮ ಎಂದು ಕೇಳಿದ. ಕಿನುಕೊ ಅವನ ಕಡೆ ತಿರುಗಿ, ಬಹಳ ವಿನಯದಿಂದ ಬಾಗಿದಳು.

"ತೊಂದ್ರೆ ಕೊಟ್ಟೆ, ಕ್ಷಮಿಸಿ. ನೀವು ಹೊರಡಿ," ಎಂದಳು. "ನಂದು ಇನ್ನೂ ಅರ್ಧ ಕೂಡ ಆಗಿಲ್ಲ."